ಸ್ವಯಂಸೇವಕ ರೆಜಿಮೆಂಟಿನ ಇತಿಹಾಸ ಹುಡುಕುವುದು ಹೇಗೆ? 54ನೇ ಮ್ಯಾಸಚೂಸೆಟ್ಸ್ ಹಿಡಿದು ಹಂತ ಹಂತವಾಗಿ

ಬಾಸ್ಟನ್ ನೋಡಲು ಬಂದವರು ಸ್ಟೇಟ್ ಹೌಸ್ ಎದುರಿನ ದೊಡ್ಡ ಕಂಚಿನ ಉಬ್ಬುಶಿಲ್ಪದ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಕುದುರೆಯ ಮೇಲೆ ಬಿಳಿಯ ಅಧಿಕಾರಿ, ಪಕ್ಕದಲ್ಲಿ ಹೆಗಲಿಗೆ ಬಂದೂಕು ಏರಿಸಿಕೊಂಡು ನಡೆಯುತ್ತಿರುವ ಕಪ್ಪು ಸಿಪಾಯಿಗಳು. ಆಮೇಲೆ ನನಗೆ ಫೋಟೊ ಬರುತ್ತದೆ, ಜೊತೆಗೆ ಅದೇ ಪ್ರಶ್ನೆ. ಇವರು ಯಾರು? ಇವರ ಬಗ್ಗೆ ಸರಿಯಾಗಿ ತಿಳಿಯಲು ಎಲ್ಲಿಂದ ಶುರು ಮಾಡಬೇಕು? ಇಲ್ಲಿನ ಶಾಲೆಗಳಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ, ಏಕೆಂದರೆ ಮಕ್ಕಳಿಗೆ ಯಾವುದಾದರೂ ಒಂದು ಸಿವಿಲ್ ವಾರ್ (ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ) ರೆಜಿಮೆಂಟಿನ ಬಗ್ಗೆ ಬರೆದು ತರಲು ಹೇಳಿರುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಉದಾಹರಣೆಗೆ ಆ ಶಿಲ್ಪದ ರೆಜಿಮೆಂಟನ್ನೇ ತೆಗೆದುಕೊಳ್ಳೋಣ: 54ನೇ ಮ್ಯಾಸಚೂಸೆಟ್ಸ್ ಸ್ವಯಂಸೇವಕ ಕಾಲ್ದಳ. ಇದೇ ದಾರಿಯಲ್ಲಿ 1861ರಿಂದ 1865ರವರೆಗಿನ ಉತ್ತರದ ಬೇರೆ ಯಾವ ರೆಜಿಮೆಂಟನ್ನೂ ಹುಡುಕಬಹುದು. ಬೆಂಗಳೂರಿನಲ್ಲಿ ಕೂತೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊದಲು ನಾಲ್ಕು ಪದ

ಸ್ವಯಂಸೇವಕ ಎಂದರೆ ಸಂಬಳವಿಲ್ಲದೆ ದುಡಿಯುವವರು ಎಂಬ ಅರ್ಥ ನಮ್ಮ ತಲೆಯಲ್ಲಿದೆ, ಅಲ್ವಾ? ಇಲ್ಲಿ ಹಾಗಲ್ಲ. 1861ರಲ್ಲಿ ಅಮೆರಿಕದ ಕಾಯಂ ಸೈನ್ಯದಲ್ಲಿ ಇದ್ದವರು ಸುಮಾರು 16,000 ಜನ ಮಾತ್ರ. ಯುದ್ಧಕ್ಕೆ ಅದು ಏನೇನೂ ಸಾಲಲಿಲ್ಲ. ರಾಜ್ಯಗಳು ತಾವೇ ಜನ ಸೇರಿಸಿ ದಂಡು ಕಟ್ಟಿ ಕೇಂದ್ರ ಸರ್ಕಾರಕ್ಕೆ ಕೊಟ್ಟವು. ಹಾಗೆ ಇಷ್ಟಪಟ್ಟು, ಇಂತಿಷ್ಟು ವರ್ಷಕ್ಕೆ, ಸಂಬಳಕ್ಕೆ ಸೇರಿದವರೇ ಸ್ವಯಂಸೇವಕರು. ಈ ಸಂಬಳದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೆಜಿಮೆಂಟ್ ಎಂದರೆ ಲೆಕ್ಕಕ್ಕೆ ಸುಮಾರು 1,000 ಜನರ ದಂಡು, ಅದರ ಮುಖ್ಯಸ್ಥ ಕರ್ನಲ್. ಕಾಲ್ದಳದ ರೆಜಿಮೆಂಟಿನಲ್ಲಿ ಹತ್ತು ಕಂಪನಿ, ಅಂದರೆ ಸುಮಾರು ನೂರು ನೂರು ಜನರ ತುಕಡಿಗಳು. ಅವುಗಳ ಹೆಸರು ಎ ಇಂದ ಕೆ ವರೆಗೆ, ನಡುವೆ ಜೆ ಇಲ್ಲ. ಕೈಬರಹದಲ್ಲಿ ಐ ಮತ್ತು ಜೆ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ಜೆ ಕಂಪನಿ ಎಂದು ಓದಿದರೆ ಅದು ಐ ಇರಬೇಕು. ಮಸ್ಟರ್ ಎಂದರೆ ಸಾಲಾಗಿ ನಿಲ್ಲಿಸಿ ಹಾಜರಿ ಹಿಡಿದು ಕೇಂದ್ರದ ಸೇವೆಗೆ ಅಧಿಕೃತವಾಗಿ ಸೇರಿಸಿಕೊಳ್ಳುವುದು. ಬಿಡುಗಡೆ ಮಾಡುವುದು ಮಸ್ಟರ್ ಔಟ್.

ಏನೇನು ಬೇಕು

ಇಂಟರ್ನೆಟ್, ಒಂದು ನೋಟ್‌ಬುಕ್, ಒಂದು ಸ್ಪ್ರೆಡ್‌ಶೀಟ್. ಹುಡುಕುವ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಹಳೆಯ ಓರೆ ಅಕ್ಷರದ ಕೈಬರಹ ಓದಲು ತಾಳ್ಮೆ ಬೇಕು. ಮೊದಲ ದಿನ ಕಣ್ಣು ಕಟ್ಟಿದಂತೆ ಆಗುತ್ತದೆ. ಮೂರನೇ ದಿನದ ಹೊತ್ತಿಗೆ ಕೈ ಪರಿಚಯವಾಗುತ್ತದೆ.

1. ಪೂರ್ತಿ ಹೆಸರು ಗಟ್ಟಿ ಮಾಡಿಕೊಳ್ಳಿ

ಸಂಖ್ಯೆ, ರಾಜ್ಯ, ದಳ ಮೂರೂ ಬೇಕು. "54ನೇ ರೆಜಿಮೆಂಟ್" ಎಂದು ಹುಡುಕಿದರೆ ನ್ಯೂಯಾರ್ಕಿನದು, ಪೆನ್ಸಿಲ್ವೇನಿಯದ್ದು, ಒಹಾಯೊದ್ದು, ಎಲ್ಲವೂ ಬರುತ್ತವೆ. ಕಾಲ್ದಳ, ಕುದುರೆ ದಳ, ಫಿರಂಗಿ ದಳ ಎಂಬುದನ್ನೂ ನೋಡಿ.

ಕಪ್ಪು ಸೈನಿಕರ ರೆಜಿಮೆಂಟ್ ಆದರೆ ಇನ್ನೊಂದು ತೊಡಕಿದೆ. 1863ರ ಮೇ 22ರಂದು ಯುದ್ಧ ಇಲಾಖೆ ಅವರಿಗಾಗಿ ಬೇರೆ ವಿಭಾಗ ತೆರೆಯಿತು. ಆಮೇಲೆ ಬಹಳಷ್ಟು ರೆಜಿಮೆಂಟುಗಳ ರಾಜ್ಯದ ಹೆಸರು ಹೋಗಿ "ಯುನೈಟೆಡ್ ಸ್ಟೇಟ್ಸ್ ಕಲರ್ಡ್ ಟ್ರೂಪ್ಸ್" ಎಂಬ ಹೆಸರೂ ಹೊಸ ಸಂಖ್ಯೆಯೂ ಬಂತು. 1ನೇ ಸೌತ್ ಕ್ಯಾರೊಲಿನ 33ನೇ ಕಲರ್ಡ್ ಟ್ರೂಪ್ಸ್ ಆಯಿತು. ಹಳೆಯ ಹೆಸರಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ. 54ನೇ ಮತ್ತು 55ನೇ ಮ್ಯಾಸಚೂಸೆಟ್ಸ್ ತಮ್ಮ ರಾಜ್ಯದ ಹೆಸರನ್ನು ಕೊನೆಯವರೆಗೂ ಉಳಿಸಿಕೊಂಡವು.

2. ದಿನಾಂಕಗಳ ಬೆನ್ನೆಲುಬು ಕಟ್ಟಿ

ನ್ಯಾಷನಲ್ ಪಾರ್ಕ್ ಸರ್ವಿಸ್‌ನ "ಸೋಲ್ಜರ್ಸ್ ಅಂಡ್ ಸೇಲರ್ಸ್" ಡೇಟಾಬೇಸ್ ಉಚಿತ. ರೆಜಿಮೆಂಟಿನ ಪುಟ ತೆರೆದರೆ ಚಿಕ್ಕ ಇತಿಹಾಸ ಸಿಗುತ್ತದೆ. ಅದರಿಂದ ಒಂದು ಪಟ್ಟಿ ಮಾಡಿಕೊಳ್ಳಿ. 54ನೇ ರೆಜಿಮೆಂಟಿನದು ಹೀಗಿರುತ್ತದೆ:

1863 ಜನವರಿ 26: ಕಪ್ಪು ಜನರ ರೆಜಿಮೆಂಟ್ ಕಟ್ಟಲು ಗವರ್ನರ್ ಜಾನ್ ಆಂಡ್ರ್ಯೂ ಅವರಿಗೆ ಅನುಮತಿ. ಆ ವರ್ಷದ ಮೊದಲ ದಿನವೇ, ದಕ್ಷಿಣದ ಗುಲಾಮರು ಸ್ವತಂತ್ರರು ಎಂದು ಸಾರಿದ ಅಧ್ಯಕ್ಷ ಲಿಂಕನ್ ಅವರ ವಿಮೋಚನಾ ಘೋಷಣೆ ಇದಕ್ಕೆ ಬಾಗಿಲು ತೆರೆದಿತ್ತು.
ಫೆಬ್ರವರಿಯಿಂದ ಮೇ: ಬಾಸ್ಟನ್ ಹತ್ತಿರದ ರೀಡ್‌ವಿಲ್‌ನಲ್ಲಿ ಕ್ಯಾಂಪ್ ಮೀಗ್ಸ್, ತರಬೇತಿ. ಕರ್ನಲ್ ರಾಬರ್ಟ್ ಗೂಲ್ಡ್ ಶಾ.
ಮೇ 28: ಬಾಸ್ಟನ್‌ನಿಂದ ಹಡಗಿನಲ್ಲಿ ದಕ್ಷಿಣಕ್ಕೆ.
ಜೂನ್ 11: ಜಾರ್ಜಿಯದ ಡೇರಿಯನ್ ಊರಿಗೆ ಬೆಂಕಿ.
ಜುಲೈ 16: ಸೌತ್ ಕ್ಯಾರೊಲಿನದ ಜೇಮ್ಸ್ ದ್ವೀಪದಲ್ಲಿ ಮೊದಲ ಕಾಳಗ.
ಜುಲೈ 18: ಮಾರಿಸ್ ದ್ವೀಪದ ಫೋರ್ಟ್ ವ್ಯಾಗ್ನರ್ ಮೇಲೆ ದಾಳಿ.
1864 ಫೆಬ್ರವರಿ 20: ಫ್ಲಾರಿಡದ ಒಲಸ್ಟಿ.
ನವೆಂಬರ್ 30: ಹನಿ ಹಿಲ್.
1865 ಏಪ್ರಿಲ್ 18: ಬಾಯ್ಕಿನ್ಸ್ ಮಿಲ್.
ಆಗಸ್ಟ್ 20: ಮಸ್ಟರ್ ಔಟ್.

ಪಟ್ಟಿಯನ್ನು ನಿಧಾನವಾಗಿ ನೋಡಿ. ಬಾಯ್ಕಿನ್ಸ್ ಮಿಲ್ ಕಾಳಗ ನಡೆದಾಗ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾಗಿ ಒಂಬತ್ತು ದಿನ ಕಳೆದಿತ್ತು. ಇನ್ನೊಂದು: 1863ರ ಜುಲೈಯಿಂದ 1864ರ ಫೆಬ್ರವರಿವರೆಗೆ ದೊಡ್ಡ ಕಾಳಗ ಒಂದೂ ಇಲ್ಲ. ಅಂಥ ಖಾಲಿ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ. ಬಹಳ ಜನ ಅದನ್ನು ದಾಟಿ ಮುಂದಿನ ಯುದ್ಧಕ್ಕೆ ಹಾರುತ್ತಾರೆ. ಈ ರೆಜಿಮೆಂಟಿನ ಅತಿ ದೊಡ್ಡ ಹೋರಾಟ ಆ ಖಾಲಿ ಜಾಗದಲ್ಲೇ ಶುರುವಾಗಿದ್ದು.

3. ಹೆಸರುಪಟ್ಟಿ ತೆಗೆಯಿರಿ

ಪ್ರತಿ ರಾಜ್ಯದ ಅಡ್ಜುಟಂಟ್ ಜನರಲ್, ಅಂದರೆ ರಾಜ್ಯದ ಸೇನಾ ದಾಖಲೆಗಳ ಮುಖ್ಯಸ್ಥರು, ಸೈನಿಕರ ಪಟ್ಟಿ ಅಚ್ಚು ಹಾಕಿಸಿದ್ದಾರೆ. ರೆಜಿಮೆಂಟಿನಲ್ಲೇ ಇದ್ದವರು ಮುಂದೆ ಬರೆದ ಇತಿಹಾಸ ಇದ್ದರೆ ಅದರ ಕೊನೆಯಲ್ಲೂ ಪಟ್ಟಿ ಇರುತ್ತದೆ. 54ನೇ ರೆಜಿಮೆಂಟಿನದನ್ನು ಅದರ ಇ ಕಂಪನಿಯ ಕ್ಯಾಪ್ಟನ್ ಆಗಿದ್ದ ಲೂಯಿಸ್ ಎಮಿಲಿಯೊ 1891ರಲ್ಲಿ ಪ್ರಕಟಿಸಿದರು. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಪಟ್ಟಿಯಿಂದ ಊರು, ವಯಸ್ಸು, ಕಸುಬು ಮೂರನ್ನೂ ಸ್ಪ್ರೆಡ್‌ಶೀಟಿಗೆ ಹಾಕಿ. ಒಂದು ಕಂಪನಿ ಸಾಕು. ಆಗ ಗೊತ್ತಾಗುತ್ತದೆ, ಹೆಸರಲ್ಲಿ ಮ್ಯಾಸಚೂಸೆಟ್ಸ್ ಇದ್ದರೂ ಪೆನ್ಸಿಲ್ವೇನಿಯ, ನ್ಯೂಯಾರ್ಕ್, ಒಹಾಯೊದಿಂದ ಬಂದವರೇ ಜಾಸ್ತಿ. ಮ್ಯಾಸಚೂಸೆಟ್ಸ್‌ನಲ್ಲಿ ಕಪ್ಪು ಜನ ಕಡಿಮೆ ಇದ್ದರು, ಹಾಗಾಗಿ ದೂರದೂರಿಗೆ ಹೋಗಿ ಜನ ಸೇರಿಸಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಸ್ವತಃ ಊರೂರು ತಿರುಗಿದರು. ಅವರ ಮಕ್ಕಳಾದ ಲೂಯಿಸ್ ಮತ್ತು ಚಾರ್ಲ್ಸ್ ಇದೇ ರೆಜಿಮೆಂಟಿಗೆ ಸೇರಿದರು.

ಎಚ್ಚರಿಕೆ: ಈ ರೆಜಿಮೆಂಟಿನ ಬಗ್ಗೆ ಬಂದ "ಗ್ಲೋರಿ" ಸಿನಿಮಾ ನೋಡಿ ಬಂದವರು ಇವರೆಲ್ಲ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರು ಎಂದೇ ಬರೆಯುತ್ತಾರೆ. ಅಂಥವರೂ ಇದ್ದರು. ಆದರೆ ಹೆಚ್ಚಿನವರು ಉತ್ತರದಲ್ಲಿ ಸ್ವತಂತ್ರರಾಗಿ ಬದುಕುತ್ತಿದ್ದ ರೈತರು, ಕೂಲಿಗಾರರು, ಕ್ಷೌರಿಕರು, ನಾವಿಕರು.

4. ಒಬ್ಬೊಬ್ಬರ ಕಾರ್ಡು ಓದಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲಿದೆ. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಯುದ್ಧ ಇಲಾಖೆಯ ಗುಮಾಸ್ತರು ಹಳೆಯ ಹಾಜರಿ ಪಟ್ಟಿ, ಆಸ್ಪತ್ರೆ ಪಟ್ಟಿಗಳನ್ನೆಲ್ಲ ನೋಡಿ ಪ್ರತಿ ಸೈನಿಕನ ಹೆಸರಿಗೆ ಕಾರ್ಡುಗಳನ್ನು ಬರೆದು ಒಂದು ಲಕೋಟೆಗೆ ಹಾಕಿದರು. ಇದಕ್ಕೆ "ಕಂಪೈಲ್ಡ್ ಮಿಲಿಟರಿ ಸರ್ವಿಸ್ ರೆಕಾರ್ಡ್" ಎನ್ನುತ್ತಾರೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. 54ನೇ ರೆಜಿಮೆಂಟಿನ ಮೈಕ್ರೊಫಿಲ್ಮ್ ಸಂಖ್ಯೆ ಎಂ 1898.

ಕಾರ್ಡಿನಲ್ಲಿ ಎತ್ತರ, ಮೈಬಣ್ಣ, ಹುಟ್ಟೂರು, ಕಸುಬು, ಎರಡೆರಡು ತಿಂಗಳಿಗೊಮ್ಮೆ ಹಾಜರಿ, ಕೊನೆಯಲ್ಲಿ ಷರಾ. ಷರಾ ಇರುವ ಜಾಗವನ್ನು ಎಂದೂ ಬಿಡಬೇಡಿ. ಗಾಯ, ಸೆರೆ, ದಂಡ, ಕಳೆದುಹೋದ ಬಂದೂಕಿನ ಬೆಲೆ, ಎಲ್ಲ ಅಲ್ಲೇ ಬರೆದಿರುತ್ತಾರೆ.

ನಾಲ್ಕು ಕಡೆ ಜನ ಎಡವುತ್ತಾರೆ.

ಒಂದು, ಇವು ನಕಲು. ಗುಮಾಸ್ತ ತಪ್ಪಾಗಿ ಓದಿದ್ದರೆ ಕಾರ್ಡೂ ತಪ್ಪು.

ಎರಡು, ಹೆಸರಿನ ಕಾಗುಣಿತ. ಓದು ಬರಹ ಬಾರದ ಸಿಪಾಯಿ ಹೆಸರು ಹೇಳಿದ, ಅಧಿಕಾರಿ ಕಿವಿಗೆ ಬಿದ್ದಂತೆ ಬರೆದುಕೊಂಡ. ಒಂದೇ ಹೆಸರನ್ನು ಮೂರು ನಾಲ್ಕು ಥರ ಹುಡುಕಿ.

ಮೂರು, ದರ್ಜೆ ಕೊಟ್ಟ ದಿನ ಬೇರೆ, ಆ ದರ್ಜೆಯಲ್ಲಿ ಮಸ್ಟರ್ ಆದ ದಿನ ಬೇರೆ. ಸಾರ್ಜೆಂಟ್ ಸ್ಟೀಫನ್ ಸ್ವೇಲ್ಸ್ ಅವರಿಗೆ ಗವರ್ನರ್ ಆಂಡ್ರ್ಯೂ 1864ರ ಆರಂಭದಲ್ಲೇ ಲೆಫ್ಟಿನೆಂಟ್ ದರ್ಜೆ ಕೊಟ್ಟರು. ಆಫ್ರಿಕನ್ ಮೂಲದವರು ಎಂಬ ಕಾರಣಕ್ಕೆ ಯುದ್ಧ ಇಲಾಖೆ ಒಪ್ಪಲಿಲ್ಲ. ಅವರು ಲೆಫ್ಟಿನೆಂಟ್ ಆಗಿ ಮಸ್ಟರ್ ಆದದ್ದು 1865ರ ಜನವರಿಯಲ್ಲಿ. ಒಂದೇ ದಿನಾಂಕ ಬರೆದರೆ ಆ ತಿಂಗಳುಗಳ ಅನ್ಯಾಯ ನಿಮ್ಮ ಬರಹದಿಂದ ಮಾಯವಾಗುತ್ತದೆ.

ನಾಲ್ಕನೆಯದು "1861ರ ಏಪ್ರಿಲ್ 19ರಂದು ಅಥವಾ ಅದಕ್ಕೆ ಮೊದಲು ಸ್ವತಂತ್ರ" ಎಂಬ ಸಾಲು. ಈ ರೆಜಿಮೆಂಟಿನ ಕಾರ್ಡುಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಓದಿದ ಕೂಡಲೇ ಆ ಮನುಷ್ಯ ಹುಟ್ಟಿನಿಂದ ಸ್ವತಂತ್ರ ಎಂದು ತೀರ್ಮಾನಿಸಬೇಡಿ. ಏಕೆ ಎಂಬುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

5. ಕಾಳಗದ ದಿನವನ್ನು ಎರಡೂ ಕಡೆಯಿಂದ ನೋಡಿ

ಯುದ್ಧದ ವರದಿ, ಆದೇಶ, ಪತ್ರಗಳನ್ನು ಸರ್ಕಾರ 1880ರಿಂದ 1901ರವರೆಗೆ 128 ದಪ್ಪ ಪುಸ್ತಕಗಳಲ್ಲಿ ಅಚ್ಚು ಹಾಕಿತು. ಎಲ್ಲರೂ ಇದನ್ನು "ಅಫಿಷಿಯಲ್ ರೆಕಾರ್ಡ್ಸ್" ಎಂದೇ ಕರೆಯುತ್ತಾರೆ. ಉಚಿತವಾಗಿ ಓದಬಹುದು. ಫೋರ್ಟ್ ವ್ಯಾಗ್ನರ್ ವಿಷಯ ಮೊದಲ ಸರಣಿಯ 28ನೇ ಸಂಪುಟದಲ್ಲಿದೆ. ಉತ್ತರದವರ ವರದಿ ಓದಿದ ಮೇಲೆ ಕೋಟೆಯ ಒಳಗಿದ್ದ ದಕ್ಷಿಣದವರ ವರದಿಯನ್ನೂ ಓದಿ.

ವರದಿ ಬರೆದ ದಿನಾಂಕವನ್ನು ತಪ್ಪದೆ ನೋಡಿ. ಜುಲೈ 18ರ ಸಂಜೆಗತ್ತಲಲ್ಲಿ ನಡೆದ ದಾಳಿಯ ಬಗ್ಗೆ 54ನೇ ರೆಜಿಮೆಂಟಿನ ವರದಿ ಬರೆದದ್ದು ಕರ್ನಲ್ ಶಾ ಅವರ ನಂತರದ ಅಧಿಕಾರಿ ಎಡ್ವರ್ಡ್ ಹ್ಯಾಲೊವೆಲ್, ಅದೂ ನವೆಂಬರಿನಲ್ಲಿ. ಕರ್ನಲ್ ಶಾ ಕೋಟೆಯ ಗೋಡೆಯ ಮೇಲೆ ಮಡಿದಿದ್ದರು, ಅವರಿಗೆ ಆಗ 25 ವರ್ಷ. ಹ್ಯಾಲೊವೆಲ್ ಅವರಿಗೇ ಗಾಯವಾಗಿತ್ತು. ಆ ರಾತ್ರಿ ಉಳಿದವರನ್ನು ಮುನ್ನಡೆಸುವ ಹೊಣೆ ಎಮಿಲಿಯೊ ಎಂಬ ಎಳೆಯ ಕ್ಯಾಪ್ಟನ್ ಮೇಲೆ ಬಿತ್ತು. ತಿಂಗಳುಗಳ ನಂತರದ ನೆನಪಿಗೂ ಮರುದಿನದ ಪತ್ರಕ್ಕೂ ತೂಕ ಬೇರೆ.

ಸಾವುನೋವಿನ ಲೆಕ್ಕದಲ್ಲಂತೂ ತುಂಬಾ ಜೋಪಾನ. ಆ ದಾಳಿಗೆ ಹೋದವರು ಸುಮಾರು 600, ನಷ್ಟ 272 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ 272 ಸತ್ತವರ ಸಂಖ್ಯೆ ಅಲ್ಲ. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎಲ್ಲ ಸೇರಿ ಅಷ್ಟು. ಇಂಗ್ಲಿಷಿನ "ಕ್ಯಾಶುವಲ್ಟಿ" ಪದವನ್ನು "ಬಲಿಯಾದವರು" ಎಂದು ಕನ್ನಡಕ್ಕೆ ತಂದರೆ ಲೆಕ್ಕ ಪೂರ್ತಿ ಕೆಡುತ್ತದೆ. ಇದು ನಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಕಾಣೆಯಾದವರು ಎಂಬ ಗುಂಪು ಆಮೇಲೆ ಕರಗುತ್ತದೆ. ಕೆಲವರು ಸತ್ತಿರುತ್ತಾರೆ, ಕೆಲವರು ಸೆರೆಯಲ್ಲಿರುತ್ತಾರೆ. ಹಾಗಾಗಿ ವಾರದೊಳಗಿನ ಪಟ್ಟಿಗೂ ವರ್ಷಗಳ ಮೇಲಿನ ಪಟ್ಟಿಗೂ ತಾಳೆ ಆಗುವುದಿಲ್ಲ. ಎರಡನ್ನೂ ಬರೆಯಿರಿ, ಯಾವಾಗಿನ ಲೆಕ್ಕ ಎಂದು ಹೇಳಿ.

ಗುಂಡಿಗೆ ಸತ್ತವರನ್ನಷ್ಟೇ ಎಣಿಸಿ ನಿಲ್ಲಿಸಲೂ ಬೇಡಿ. ಉತ್ತರದ ಇಡೀ ಸೈನ್ಯದಲ್ಲಿ ಕಾಳಗದಲ್ಲಿ ಸತ್ತವರ ಸುಮಾರು ಎರಡರಷ್ಟು ಜನ ಭೇದಿ, ಜ್ವರದಂಥ ಕಾಯಿಲೆಯಿಂದ ಸತ್ತರು.

ಫೋರ್ಟ್ ವ್ಯಾಗ್ನರ್ ನೋಡಿ ಬರೋಣ ಎಂದು ಹೊರಡಬೇಡಿ. ಕೋಟೆ ಇದ್ದ ಮರಳನ್ನು ಸಮುದ್ರ ನುಂಗಿಬಿಟ್ಟಿದೆ. ಹಳೆಯ ನಕ್ಷೆಗಳೇ ಗತಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿ ಚೆನ್ನಾಗಿರುವ ನಕ್ಷೆಗಳಿವೆ.

6. ಕಾಳಗವಿಲ್ಲದ ತಿಂಗಳುಗಳನ್ನು ತೆರೆಯಿರಿ

ಪೆನ್ಸಿಲ್ ಗುರುತು ಹಾಕಿದ ಜಾಗಕ್ಕೆ ಈಗ ಬನ್ನಿ. ಇಲ್ಲಿ ಬೇಕಾದ್ದು ಸಂಬಳದ ದಾಖಲೆ, ಪತ್ರ, ಊರಿನ ಪತ್ರಿಕೆ.

ಸೇರುವಾಗ ಇವರಿಗೆ ಬೇರೆಲ್ಲ ಸೈನಿಕರಂತೆ ತಿಂಗಳಿಗೆ 13 ಡಾಲರ್ ಎಂದು ಮಾತು ಕೊಟ್ಟಿದ್ದರು. ಕೊಡಲು ಬಂದಾಗ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಹಿಡಿದು ಕೈಗೆ 7. ಕಪ್ಪು ಜನರನ್ನು ಕೂಲಿ ಕೆಲಸಕ್ಕೆ ಇಟ್ಟುಕೊಳ್ಳುವ ಲೆಕ್ಕದಲ್ಲಿ 1862ರಲ್ಲಿ ಮಾಡಿದ್ದ ಕಾನೂನನ್ನು ಇವರಿಗೂ ಹಚ್ಚಿದ್ದರು. ರೆಜಿಮೆಂಟ್ ಸಂಬಳವನ್ನು ಮುಟ್ಟಲಿಲ್ಲ. ಕಡಿಮೆ ಬಿದ್ದ ದುಡ್ಡನ್ನು ತಾನೇ ತುಂಬಿಕೊಡುತ್ತೇನೆ ಎಂದು ಮ್ಯಾಸಚೂಸೆಟ್ಸ್ ರಾಜ್ಯ ಮುಂದೆ ಬಂತು. ಅದನ್ನೂ ಬೇಡ ಎಂದರು. ದುಡ್ಡು ಯಾರು ಕೊಡುತ್ತಾರೆ ಎಂಬುದಲ್ಲ ಪ್ರಶ್ನೆ, ಕೇಂದ್ರ ಸರ್ಕಾರ ತಮ್ಮನ್ನು ಸೈನಿಕರು ಎಂದು ಒಪ್ಪುತ್ತದೋ ಇಲ್ಲವೋ ಎಂಬುದು. ಊರಲ್ಲಿ ಹೆಂಡತಿ ಮಕ್ಕಳು ಹಸಿದಿದ್ದರೂ ಒಂದು ವರ್ಷಕ್ಕೂ ಜಾಸ್ತಿ ಬಿಡಿಗಾಸು ತೆಗೆದುಕೊಳ್ಳದೆ ಬಂದೂಕು ಹಿಡಿದು ನಿಂತರು. ನಮ್ಮ ಕನ್ನಡದ "ಸ್ವಯಂಸೇವಕ" ಪದ ಇವರಿಗೆ ಇಲ್ಲಿ ಬೇರೊಂದೇ ರೀತಿಯಲ್ಲಿ ಒಪ್ಪುತ್ತದೆ.

1863ರ ಸೆಪ್ಟೆಂಬರ್ 28ರಂದು ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ನೇರವಾಗಿ ಲಿಂಕನ್ ಅವರಿಗೆ ಪತ್ರ ಬರೆದು, ನಾವು ಸೈನಿಕರೋ ಕೂಲಿಗಳೋ ಎಂದು ಕೇಳಿದರು. ಗುಡಿಂಗ್ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವರು. ನ್ಯೂ ಬೆಡ್‌ಫರ್ಡ್ ಊರಿನ ಪತ್ರಿಕೆಗೂ ದಂಡಿನಿಂದ ಪತ್ರ ಬರೆಯುತ್ತಿದ್ದರು. ಊರಿನ ಪತ್ರಿಕೆ ಹುಡುಕಿ ಎಂದದ್ದು ಇದಕ್ಕೇ. ಅಧಿಕಾರಿಗಳ ವರದಿಯಲ್ಲಿ ಸಿಪಾಯಿಯ ದನಿ ಇರುವುದಿಲ್ಲ. ಒಲಸ್ಟಿಯಲ್ಲಿ ಸೆರೆಯಾದ ಗುಡಿಂಗ್ 1864ರ ಜುಲೈನಲ್ಲಿ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ತೀರಿಕೊಂಡರು. ಪೂರ್ತಿ ಸಂಬಳ ಅವರ ಕೈಗೆ ಬರಲೇ ಇಲ್ಲ.

ಅದೇ ಒಲಸ್ಟಿಯಲ್ಲಿ ಸೋತು ಹಿಂದೆ ಸರಿಯುವ ಸೈನ್ಯಕ್ಕೆ ಆಸರೆಯಾಗಿ ನಿಂತ ದಂಡುಗಳಲ್ಲಿ 54ನೇಯದೂ ಒಂದು. ಗಾಯಾಳುಗಳಿದ್ದ ರೈಲಿನ ಎಂಜಿನ್ ಕೆಟ್ಟಾಗ ಇವರು ಹಗ್ಗ ಕಟ್ಟಿ ಎಳೆದರು. ಆಗಲೂ ಸಂಬಳ ಬಂದಿರಲಿಲ್ಲ.

1864ರ ಜೂನ್‌ನಲ್ಲಿ ಕಾಂಗ್ರೆಸ್ ಕೊನೆಗೂ ಸಮಾನ ಸಂಬಳ ಒಪ್ಪಿತು. ಆದರೆ ಸೇರಿದ ದಿನದಿಂದ ಪೂರ್ತಿ ಬಾಕಿ ಸಿಗುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ ಎಂದಿತು. ಪ್ರತಿಯೊಬ್ಬರೂ ಪ್ರಮಾಣ ಮಾಡಬೇಕು. ಗುಲಾಮಗಿರಿಯಿಂದ ಬಂದವರು ಏನು ಮಾಡಬೇಕು? ಆಗ ರೆಜಿಮೆಂಟಿನ ಮುಖ್ಯಸ್ಥರಾಗಿದ್ದ ಹ್ಯಾಲೊವೆಲ್, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವರು. ಪ್ರಮಾಣದ ಮಾತನ್ನೇ ಅವರು ಬದಲಿಸಿದರು: ಆ ದಿನ ನನ್ನಿಂದ ಬಿಟ್ಟಿ ದುಡಿಮೆ ಪಡೆಯುವ ಹಕ್ಕು ಯಾವ ಮನುಷ್ಯನಿಗೂ ಇರಲಿಲ್ಲ, ಎಂಬ ಅರ್ಥದ ಪ್ರಮಾಣ. ಗುಲಾಮಗಿರಿಯೇ ಅನ್ಯಾಯ, ಹಾಗಾಗಿ ಗುಲಾಮನಾಗಿದ್ದವನೂ ಇದನ್ನು ಸುಳ್ಳಾಡದೆ ಹೇಳಬಹುದಿತ್ತು. ಸೆಪ್ಟೆಂಬರ್ ಕೊನೆಗೆ ಬಾಕಿ ಬಂತು. ಕಾರ್ಡಿನ ಆ ಸಾಲಿನ ಹಿಂದೆ ಈ ಕಥೆ ಇದೆ. ಹುಟ್ಟಿನ ಬಗ್ಗೆ ತಿಳಿಯಬೇಕಾದರೆ ಬೇರೆ ದಾಖಲೆ ಹುಡುಕಿ.

7. ಪಿಂಚಣಿ ಫೈಲು

ಯುದ್ಧದ ನಂತರ ಆ ಮನುಷ್ಯ ಏನಾದ ಎಂಬುದಕ್ಕೆ ಪಿಂಚಣಿ ಫೈಲಿನಷ್ಟು ಒಳ್ಳೆಯ ಮೂಲ ಇಲ್ಲ. 1890ರ ಕಾನೂನು 90 ದಿನ ಸೇವೆ ಮಾಡಿ ದುಡಿಯಲಾಗದೆ ಹೋದವರಿಗೆಲ್ಲ ಪಿಂಚಣಿ ತೆರೆಯಿತು, ಆಮೇಲಿನ ಫೈಲುಗಳು ದಪ್ಪ. ಗುಲಾಮಗಿರಿಯಲ್ಲಿ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಹಾಗಾಗಿ ಎಷ್ಟೋ ವಿಧವೆಯರು ಅಕ್ಕಪಕ್ಕದವರಿಂದ ಸಾಕ್ಷಿ ಹೇಳಿಸಿ ತಾನು ಹೆಂಡತಿ ಎಂದು ತೋರಿಸಬೇಕಾಯಿತು. ಆ ಹೇಳಿಕೆಗಳಲ್ಲಿ ಇಡೀ ಊರಿನ ಬದುಕು ಸಿಗುತ್ತದೆ.

ಸೂಚಿಯನ್ನು ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ನೋಡಿ, ಅರ್ಜಿ ಸಂಖ್ಯೆ ಬರೆದುಕೊಳ್ಳಿ. ಹೆಚ್ಚಿನ ಫೈಲುಗಳು ಆನ್‌ಲೈನ್‌ನಲ್ಲಿ ಇಲ್ಲ. ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ ಹಣ ಕಟ್ಟಿ ಪ್ರತಿ ತರಿಸಬೇಕು. ಹಾಗಾಗಿ ಎಲ್ಲರದನ್ನೂ ತರಿಸಬೇಡಿ, ಒಬ್ಬರನ್ನು ಆರಿಸಿಕೊಳ್ಳಿ.

8. ಬರೆಯುವ ಮೊದಲು "ಮೊದಲ" ಎಂಬ ಪದವನ್ನು ಪರೀಕ್ಷಿಸಿ

54ನೇಯದು ಅಮೆರಿಕದ ಮೊದಲ ಕಪ್ಪು ರೆಜಿಮೆಂಟ್ ಎಂದು ಎಲ್ಲೆಲ್ಲೂ ಓದುತ್ತೀರಿ. ಅದು ತಪ್ಪು. ಕಾನ್ಸಸ್‌ನ ಕಪ್ಪು ಸೈನಿಕರು 1862ರ ಅಕ್ಟೋಬರಿನಲ್ಲೇ ಕಾದಿದ್ದರು. ಲೂಯಿಸಿಯಾನದವರು ವ್ಯಾಗ್ನರ್‌ಗೆ ಏಳು ವಾರ ಮೊದಲೇ ಪೋರ್ಟ್ ಹಡ್ಸನ್ ಕೋಟೆಯ ಮೇಲೆ ದಾಳಿ ಮಾಡಿದ್ದರು. 54ನೇ ರೆಜಿಮೆಂಟನ್ನು ಹೊಗಳುವ ಭರದಲ್ಲಿ ಅವರನ್ನು ಅಳಿಸಬಾರದು.

ಸಾರ್ಜೆಂಟ್ ವಿಲಿಯಂ ಕಾರ್ನಿ ಅವರ ವಿಷಯದಲ್ಲೂ ಇದೇ ಗೊಂದಲ. ವ್ಯಾಗ್ನರ್‌ನಲ್ಲಿ ಮೈತುಂಬ ಗಾಯವಾದರೂ ಅವರು ಬಾವುಟವನ್ನು ನೆಲಕ್ಕೆ ತಾಗಿಸದೆ ವಾಪಸ್ ತಂದರು. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದ ಕಪ್ಪು ಸೈನಿಕರ ಸಾಹಸಗಳಲ್ಲಿ ಇವರದೇ ಎಲ್ಲಕ್ಕಿಂತ ಹಿಂದಿನದು. ಆದರೆ ಪದಕ ಕೈಗೆ ಬಂದದ್ದು 1900ರಲ್ಲಿ, 37 ವರ್ಷದ ಮೇಲೆ. ಅಷ್ಟರಲ್ಲಿ ಬೇರೆ ಕಪ್ಪು ಯೋಧರಿಗೆ ಅದು ಸಿಕ್ಕಾಗಿತ್ತು.

ಸ್ಮಾರಕವನ್ನು ಮೂಲ ದಾಖಲೆಯಂತೆ ನಂಬುವುದೂ ತಪ್ಪೇ. ಬಾಸ್ಟನ್ನಿನ ಆ ಶಿಲ್ಪ ಆಗಸ್ಟಸ್ ಸೇಂಟ್ ಗಾಡೆನ್ಸ್ ಅವರದು, 1897ರ ಮೇ 31ರಂದು ತೆರೆ ಸರಿಯಿತು. ಮಡಿದ ಬಿಳಿಯ ಅಧಿಕಾರಿಗಳ ಹೆಸರುಗಳನ್ನು ಆಗಲೇ ಕೆತ್ತಿದ್ದರು. ಮಡಿದ ಕಪ್ಪು ಸಿಪಾಯಿಗಳ ಹೆಸರುಗಳು ಕಲ್ಲಿಗೆ ಬಂದದ್ದು 1980ರ ದಶಕದಲ್ಲಿ. ಅಲ್ಲಿಗೆ ಹೋದರೆ ಮುಂದಿನಿಂದ ಫೋಟೊ ತೆಗೆದು ಬರಬೇಡಿ. ಹಿಂಭಾಗಕ್ಕೆ ಹೋಗಿ, ಒಂದು ಹೆಸರು ಬರೆದುಕೊಳ್ಳಿ, ಮನೆಗೆ ಬಂದು ನಾಲ್ಕನೇ ಹಂತದಿಂದ ಶುರು ಮಾಡಿ.